ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದ್ದು ಯಾವುದನ್ನು?

ನ್ಯೂಯಾರ್ಕ್ ನಗರದ ನಡುವೆ ಸೆಂಟ್ರಲ್ ಪಾರ್ಕ್ ಅಂತ ಒಂದು ದೊಡ್ಡ ಉದ್ಯಾನ. ಅದರ ಪೂರ್ವಕ್ಕೆ ಒಂದು ಮ್ಯೂಸಿಯಂ, ಪಶ್ಚಿಮಕ್ಕೆ ಇನ್ನೊಂದು. ಪೂರ್ವದ್ದು ಮೆಟ್ರೊಪಾಲಿಟನ್ ಕಲಾ ಮ್ಯೂಸಿಯಂ. ಯುರೋಪಿನ ಚಿತ್ರ, ಶಿಲ್ಪಗಳಿಗೆ ಅಲ್ಲಿ ಮೊದಲಿನಿಂದಲೂ ಜಾಗ. ಆಫ್ರಿಕಾದ ಶಿಲ್ಪಗಳು ಅಲ್ಲಿ ತಮ್ಮದೇ ವಿಭಾಗ ಕಾಣಲು 1982ರವರೆಗೆ ಕಾಯಬೇಕಾಯಿತು. ಪಶ್ಚಿಮದ್ದು ಅಮೆರಿಕದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಡೈನೋಸಾರಿನ ಮೂಳೆ, ಚರ್ಮ ತುಂಬಿಸಿ ನಿಲ್ಲಿಸಿದ ಆನೆ, ಇವುಗಳದೇ ಮನೆಯಲ್ಲಿ ಆಫ್ರಿಕಾದವರು, ಏಷ್ಯಾದವರು, ಅಮೆರಿಕದ ಮೂಲನಿವಾಸಿಗಳು. ಯುರೋಪಿನ ಜನರಿಗೆಂದು ಅಲ್ಲೊಂದು ಹಜಾರವಿಲ್ಲ. ಬಿಳಿಯನ ಬದುಕು ಕಲೆಯಾಯಿತು, ಮಿಕ್ಕವರದು ಪ್ರಾಣಿ ಪಕ್ಷಿಗಳ ಸಾಲಿಗೆ ಸೇರಿತು. ಈ ವಿಂಗಡಣೆ ಮಾಡಿದವರು ಯಾರು? ಯಾರನ್ನು ಕೇಳಿ ಮಾಡಿದರು?

ಊರು ಯಾವುದು, ಕೇರಿ ಯಾವುದು ಅಂತ ಹುಟ್ಟಿದ ದಿನದಿಂದ ತಿಳಿದ ನಮಗೆ ಈ ವಿಂಗಡಣೆ ಹೊಸದಲ್ಲ. ಆದ್ದರಿಂದಲೇ ಅದರ ಚರಿತ್ರೆಯನ್ನು ನಾವು ಓದಬೇಕು.

1897ರಲ್ಲಿ ರಾಬರ್ಟ್ ಪಿಯರಿ ಎಂಬ ಅನ್ವೇಷಕ ಗ್ರೀನ್‌ಲ್ಯಾಂಡಿನಿಂದ ಆರು ಜನ ಇನ್ಯೂಟರನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಕರೆತಂದ. ಅಭ್ಯಾಸಕ್ಕೆ ಒಬ್ಬ ಎಸ್ಕಿಮೋ ಬೇಕು ಅಂತ ಕೇಳಿದ್ದವರು ಆ ಮ್ಯೂಸಿಯಮ್ಮಿನ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್. ಆರೂ ಜನರನ್ನು ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಇಟ್ಟರು. ತಿಂಗಳುಗಳಲ್ಲೇ ನಾಲ್ವರು ಕ್ಷಯಕ್ಕೆ ಬಲಿಯಾದರು. ಮೊದಲು ಸತ್ತವನು ಕಿಸುಕ್. ಅವನ ಮಗ ಮಿನಿಕ್‌ಗೆ ಆಗ ಏಳರ ಆಸುಪಾಸು. ಮಗು ಅಳುತ್ತದಲ್ಲ, ಸಮಾಧಾನ ಮಾಡಬೇಕಲ್ಲ! ಮರದ ಬೊಡ್ಡೆಗೆ ಹೊದಿಕೆ ಸುತ್ತಿ ಮ್ಯೂಸಿಯಮ್ಮಿನ ತೋಟದಲ್ಲಿ ಮಣ್ಣು ಮಾಡಿದರು. ಅಪ್ಪನನ್ನು ಹೂತೆವು ಅಂತ ಮಗುವನ್ನು ನಂಬಿಸಿದರು. ಕಿಸುಕ್‌ನ ಮೂಳೆಗಳು ಮಾತ್ರ ಮ್ಯೂಸಿಯಮ್ಮಿನ ಸಂಗ್ರಹ ಸೇರಿದವು. ಬೆಳೆದ ಮೇಲೆ ಮಿನಿಕ್‌ಗೆ ನಿಜ ಗೊತ್ತಾಯಿತು. ಅಪ್ಪನ ದೇಹ ಕೊಡಿ ಅಂತ ಪತ್ರಿಕೆಗಳ ಮೂಲಕ ಕೇಳಿಕೊಂಡ. ಕೊಡಲಿಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಬಂದು ಅವನೂ ಸತ್ತ. ಆ ನಾಲ್ವರ ಮೂಳೆಗಳು ಗ್ರೀನ್‌ಲ್ಯಾಂಡಿನ ಮಣ್ಣು ಕಂಡದ್ದು 1993ರಲ್ಲಿ.

ಇದೇ ಬೋವಾಸ್ ಮುಂದೆ ಜನಾಂಗ ಮೇಲು ಕೀಳು ಎಂಬ ಸಿದ್ಧಾಂತದ ವಿರುದ್ಧ ಜೀವನಪೂರ್ತಿ ಹೋರಾಡಿದರು. ಅವರನ್ನು ರಾಕ್ಷಸ ಅನ್ನೋದು ಸುಲಭ, ಆದರೆ ಅದು ನಿಜವಲ್ಲ. ಒಳ್ಳೆಯ ಮನಸ್ಸಿನ ವಿದ್ವಾಂಸನಿಗೂ ಎದುರಿಗಿದ್ದ ಮನುಷ್ಯ ಮಾದರಿಯಾಗಿ ಕಂಡ, ಒಬ್ಬ ಹುಡುಗನ ಅಪ್ಪನಾಗಿ ಕಾಣಲಿಲ್ಲ. ವ್ಯವಸ್ಥೆ ಅಂದರೆ ಇದೇ.

1906ರ ಸೆಪ್ಟೆಂಬರಿನಲ್ಲಿ ಅದೇ ನಗರದ ಬ್ರಾಂಕ್ಸ್ ಮೃಗಾಲಯದಲ್ಲಿ ಇನ್ನೂ ಘೋರವಾದದ್ದು ನಡೆಯಿತು. ಕಾಂಗೋದ ಓಟಾ ಬೆಂಗಾ ಎಂಬ ಯುವಕನನ್ನು ಮಂಗಗಳ ಮನೆಯಲ್ಲಿ ನಿಲ್ಲಿಸಿದರು. ಮುಂದೆ ಒಂದು ಬೋರ್ಡು: ವಯಸ್ಸು 23, ಎತ್ತರ 4 ಅಡಿ 11 ಅಂಗುಲ, ತೂಕ 103 ಪೌಂಡು. ಸಾವಿರಾರು ಜನ ಬಂದು ನೋಡಿ ನಕ್ಕರು. ಪ್ರತಿಭಟಿಸಿದವರು ಯಾರು? ನ್ಯೂಯಾರ್ಕಿನ ಕಪ್ಪು ಪಾದ್ರಿಗಳು. ಆ ತಿಂಗಳು ಮುಗಿಯುವುದರೊಳಗೆ ಅವನನ್ನು ಅಲ್ಲಿಂದ ಬಿಡಿಸಿದರು. ಅವನಿಗೆ ಊರಿಗೆ ಹಿಂತಿರುಗಲು ಆಗಲೇ ಇಲ್ಲ. 1916ರ ಮಾರ್ಚ್ 20ರಂದು ವರ್ಜೀನಿಯಾದಲ್ಲಿ ತಾನೇ ಪ್ರಾಣ ತೆಗೆದುಕೊಂಡ. ಆ ಮೃಗಾಲಯದ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ.

ಇದೇ ಅಳತೆಕೋಲು ಆ ಕಾಲದಲ್ಲೇ ನಮ್ಮ ಕಡೆಗೂ ಬಂದಿತ್ತು. 1885ರಿಂದ 1908ರವರೆಗೆ ಮದ್ರಾಸ್ ಮ್ಯೂಸಿಯಮ್ಮಿನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ ದಕ್ಷಿಣದ ಜಾತಿ, ಬುಡಕಟ್ಟುಗಳ ತಲೆ, ಮೂಗುಗಳನ್ನು ಅಳೆಯುತ್ತ ತಿರುಗಿದ. 1909ರಲ್ಲಿ ಏಳು ಸಂಪುಟ ಹೊರಬಂದವು. ಮುನ್ನುಡಿಯಲ್ಲಿ ಅವನೇ ಒಂದು ಸಂಗತಿ ಬರೆದಿದ್ದಾನೆ. ವಯನಾಡಿನ ಪಣಿಯ ಹೆಂಗಸರು ಅವನನ್ನು ಕಂಡು ಓಡಿಹೋದರಂತೆ. ಈ ದೊರೆ ನಮ್ಮನ್ನು ಹಿಡಿದು, ಹುಲಿ ಚಿರತೆಗೆ ಮಾಡಿದಂತೆ ಚರ್ಮದೊಳಗೆ ತುಂಬಿಸಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾನೆ ಅಂತ ಅವರ ಭಯ. ಹಾಗೆ ಮಾಡಲು ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಥರ್ಸ್ಟನ್ ತಮಾಷೆ ಮಾಡುತ್ತಾನೆ. ಅವನಿಗೆ ಅದು ನಗು. ಆದರೆ ಓದು ಬರಹ ಸಿಗದೆ ಜೀತದಲ್ಲಿ ಸವೆದ ಆ ಹೆಂಗಸರು ಮ್ಯೂಸಿಯಂ ಅಂದರೆ ಏನು ಅಂತ ಸರಿಯಾಗಿಯೇ ಊಹಿಸಿದ್ದರು. ಕಿಸುಕ್‌ಗೆ ಆದದ್ದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಇದಕ್ಕೊಂದು ಸೂತ್ರವನ್ನೇ ಮಾಡಿದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸು. ಅಂಕಿ ಕಡಿಮೆ ಬಂದಷ್ಟೂ ಜಾತಿ ಮೇಲು, ಹೆಚ್ಚು ಬಂದಷ್ಟೂ ಕೀಳು! ಮನುವಿನ ಮಾತಿಗೆ ವಿಜ್ಞಾನದ ಮೊಹರು ಬಿತ್ತು. ಮೈಸೂರು ಸಂಸ್ಥಾನದಲ್ಲೂ ಜಾತಿಗಳ ಸರ್ವೆ ನಡೆಯಿತು. ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಇಂಗ್ಲಿಷ್ ಸಂಪುಟಗಳು 1928ರಿಂದ 1935ರವರೆಗೆ ಅಚ್ಚಾದವು. ಹೊಲೆಯರ ಬಗ್ಗೆ, ಮಾದಿಗರ ಬಗ್ಗೆ ಅವುಗಳಲ್ಲಿ ಅಧ್ಯಾಯಗಳಿವೆ. ಬರೆದ ಕೈ ಮಾತ್ರ ಕೇರಿಯದಲ್ಲ.

ಈಗ ಮತ್ತೆ ನ್ಯೂಯಾರ್ಕಿಗೆ ಹೋಗೋಣ. ಓಟಾ ಬೆಂಗಾ ಸತ್ತು ಎರಡು ತಿಂಗಳೂ ಆಗಿರಲಿಲ್ಲ. 1916ರ ಮೇ 9ರಂದು ಅಲ್ಲಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಬೋವಾಸ್ ಶಿಷ್ಯ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಗೋಷ್ಠಿಯಲ್ಲಿ 25 ವರ್ಷದ ಒಬ್ಬ ವಿದ್ಯಾರ್ಥಿ ಪ್ರಬಂಧ ಓದಲು ಎದ್ದು ನಿಂತ. ಹೆಸರು ಭೀಮರಾವ್ ಅಂಬೇಡ್ಕರ್. ಆ ಶಾಸ್ತ್ರದ ಪ್ರಕಾರ ಅವನು ಅಳೆಸಿಕೊಳ್ಳಬೇಕಾದ ಜಾತಿಯವನು. ಅಳೆಯುವವರ ಮನೆಯೊಳಗೇ ನಿಂತು ಅವನು ಶುರು ಮಾಡಿದ್ದು ಪ್ರದರ್ಶನದ ಮಾತಿನಿಂದಲೇ. ವಸ್ತುಗಳ ಪ್ರದರ್ಶನವನ್ನು ನೀವೆಲ್ಲ ನೋಡಿದ್ದೀರಿ, ಮನುಷ್ಯರು ಕಟ್ಟಿದ ಸಂಸ್ಥೆಗಳನ್ನು ಪ್ರದರ್ಶನಕ್ಕೆ ಇಡುವ ವಿಚಾರ ನಿಮಗೆ ವಿಚಿತ್ರ ಅನ್ನಿಸಬಹುದು ಎಂಬ ಅರ್ಥದಲ್ಲಿ ಹೇಳಿ, ಜಾತಿಯನ್ನು ಬಿಚ್ಚಿ ತೋರಿಸಿದ. ಯುರೋಪಿನ ಪಂಡಿತರು ತಮ್ಮೊಳಗಿನ ವರ್ಣಭೇದದಿಂದಲೇ ಜಾತಿಗೆ ಮೈಬಣ್ಣ ಮೂಲ ಅಂತ ನಂಬಿದ್ದಾರೆ ಎಂದೂ ಅಲ್ಲೇ ಹೇಳಿದ.

ಗೆಳೆಯರೆ, ನಾವು ಹಿಡಿಯಬೇಕಾದ ಎಳೆ ಇದು. ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದ್ದು ಜನರನ್ನಲ್ಲ, ಜನರನ್ನು ತುಳಿದ ಏರ್ಪಾಟನ್ನು. ಕುತೂಹಲದ ವಸ್ತು ಅಸ್ಪೃಶ್ಯನಲ್ಲ, ಅಸ್ಪೃಶ್ಯತೆ. 1948ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ಬರೆದಾಗ ಆ ಮೂಗಿನ ಅಂಕಿಗಳನ್ನೇ ಎತ್ತಿಕೊಂಡರು. ಈ ಅಳತೆ ವಿಜ್ಞಾನವೇ ಆಗಿದ್ದರೆ, ಬ್ರಾಹ್ಮಣ ಮತ್ತು ಅಸ್ಪೃಶ್ಯ ಒಂದೇ ಜನಾಂಗದವರು ಅಂತ ಅದೇ ಅಂಕಿಗಳಿಂದ ತೋರಿಸಿದರು. ದೊರೆಯ ಕೋಲು ದೊರೆಯ ಸಿದ್ಧಾಂತವನ್ನೇ ಮುರಿಯಿತು.

2024ರ ಜನವರಿಯಲ್ಲಿ ಆ ನ್ಯೂಯಾರ್ಕ್ ಮ್ಯೂಸಿಯಂ ಮೂಲನಿವಾಸಿಗಳ ಎರಡು ಹಜಾರಗಳನ್ನು ಮುಚ್ಚಿತು. ಸಂಬಂಧಪಟ್ಟ ಜನರ ಒಪ್ಪಿಗೆ ಇಲ್ಲದೆ ಅವರ ವಸ್ತುಗಳನ್ನು ತೋರಿಸುವಂತಿಲ್ಲ ಎಂಬ ಹೊಸ ಸರ್ಕಾರಿ ನಿಯಮ ಬಂದಿತ್ತು. ಮೂಲನಿವಾಸಿಗಳು ತಲೆಮಾರುಗಟ್ಟಲೆ ಕೇಳಿ, ಜಗಳ ಆಡಿ ಪಡೆದದ್ದು ಇದು.

ನಾವೂ ಕೇಳೋಣ. ನಾಳೆ ಗಾಜಿನ ಒಳಗೆ ಒಂದು ತಮಟೆ ಇಟ್ಟು ಜಾನಪದ ವಾದ್ಯ ಅಂತ ಚೀಟಿ ಅಂಟಿಸಿದರೆ, ಸತ್ತ ದನ ಹೊತ್ತವರು ಯಾರು, ಹೊರಿಸಿದವರು ಯಾರು, ಬಿಟ್ಟಿ ಬಡಿದ ಕೈಗೆ ಸಿಕ್ಕ ಕೂಲಿ ಎಷ್ಟು ಅಂತ ಆ ಚೀಟಿಯಲ್ಲಿ ಬರೆಯಿರಿ ಎನ್ನೋಣ. ಹಳ್ಳಿಯ ಮೇಷ್ಟ್ರುಗಳು ಎಸ್ಕಿಮೋ ಪಾಠ ಮಾಡುವಾಗ ಹಿಮದ ಮನೆಯ ಚಿತ್ರ ತೋರಿಸಿ ಸುಮ್ಮನಾಗದೆ ಮಿನಿಕ್‌ನ ಕತೆಯನ್ನೂ ಹೇಳಲಿ. ಚೀಟಿ ಬರೆಯುವ ಪೆನ್ನು ಯಾರ ಕೈಯಲ್ಲಿದೆ ಅಂತ ಮಕ್ಕಳೇ ಕೇಳುತ್ತಾರೆ.