ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್

ಲ್ಯಾಪ್‌ಟಾಪ್‌ಗಳಲ್ಲಿ ದತ್ತಾಂಶವನ್ನು ವಿದ್ಯುತ್ ನಿಂತರೂ ಅಳಿಯದಂತೆ ಸಂಗ್ರಹಿಸಿಡುವ, ತಿರುಗುವ ಕಾಂತೀಯ ತಟ್ಟೆಗಳುಳ್ಳ, ಸಾಮಾನ್ಯವಾಗಿ 2.5 ಇಂಚು ವರ್ಗದ ಸಾಧನ. ಈ ಅಳತೆಯ ಮೊದಲ ಡಿಸ್ಕನ್ನು ಅಮೆರಿಕದ ಪ್ರೇರಿಟೆಕ್ ಸಂಸ್ಥೆ 1988ರಲ್ಲಿ ಹೊರತಂದಿತು. ಧಾರಣಶಕ್ತಿ 20 ಮೆಗಾಬೈಟ್. ವೇಗ ಬಹುಮಟ್ಟಿಗೆ ತಟ್ಟೆಯ ಸುತ್ತುಗಳನ್ನು ಅವಲಂಬಿಸಿದೆ: ಬೇಕಾದ ಭಾಗ ಓದುತಲೆಯ ಕೆಳಗೆ ಬರಲು ನಿಮಿಷಕ್ಕೆ 5400 ಸುತ್ತಿನ ಡಿಸ್ಕಿನಲ್ಲಿ ಸರಾಸರಿ 5.6 ಮಿಲಿಸೆಕೆಂಡ್, 7200 ಸುತ್ತಿನದರಲ್ಲಿ 4.2 ಮಿಲಿಸೆಕೆಂಡ್ ಹಿಡಿಯುತ್ತದೆ. ಆದರೆ ತಟ್ಟೆಯ ದತ್ತಾಂಶ ಸಾಂದ್ರತೆ ಹೆಚ್ಚಿದಂತೆ ಸತತ ಓದಿನ ವೇಗವೂ ಏರುವುದರಿಂದ, ಹೆಚ್ಚು ಧಾರಣಶಕ್ತಿಯ ಹೊಸ 5400 ಸುತ್ತಿನ ಡಿಸ್ಕ್ ಹಳೆಯ 7200 ಸುತ್ತಿನದನ್ನು ಈ ಒಂದು ಅಂಶದಲ್ಲಿ ಮೀರಿಸಬಲ್ಲದು. ಆಯ್ಕೆಯಲ್ಲಿ ದಪ್ಪವೂ ಮುಖ್ಯ, 9.5 ಮಿಲಿಮೀಟರಿನ ಡಿಸ್ಕ್ 7 ಮಿಲಿಮೀಟರಿನ ಜಾಗದಲ್ಲಿ ಕೂರದು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ವೇಗದಲ್ಲಿ ಬಹಳ ಮುಂದಿರುವುದರಿಂದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದೇ ರೂಢಿಯಾಗಿದೆ. 2.5 ಇಂಚಿನ ಹಾರ್ಡ್ ಡಿಸ್ಕ್ ಈಗ ಹೆಚ್ಚಾಗಿ ಬ್ಯಾಕಪ್‌ಗಾಗಿ ಹೊರಗಿನಿಂದ ಜೋಡಿಸುವ ಸಾಧನವಾಗಿ ಬಳಕೆಯಲ್ಲಿದೆ.