ಪ್ರಸ್ಥಭೂಮಿಯ ದೇಹ ಮತ್ತು ಹಿಮದ ಎತ್ತರ: ಒಗ್ಗುವಿಕೆಯ ಕಾಲಮಾನ

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಿನ ಬಸವಕಲ್ಯಾಣ-ಹುಮನಾಬಾದ್ ಸೀಮೆಯಲ್ಲಿ ಬೆಳೆದ ದೇಹಕ್ಕೆ ಹಿಮಾಲಯದ ವಿರಳ ಗಾಳಿ ಮತ್ತು ಕೊರೆಯುವ ಚಳಿ ಎರಡೂ ಅಪರಿಚಿತ. ಪಯಣಕ್ಕೆ ದೀರ್ಘಕಾಲ ಬೇಕಿದ್ದ 11ನೆಯ ಶತಮಾನದಲ್ಲಿ ಕಾಶ್ಮೀರದಿಂದ ಹೊರಟ ಬಿಲ್ಹಣ ಕವಿಯು ಮಥುರೆ, ಕಾಶಿ, ಸೋಮನಾಥಗಳನ್ನು ಸುತ್ತಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ಸೇರಿದನು. ಇಂದು ಹುಮನಾಬಾದಿನಿಂದ ಹೊರಟ ಚಾರಣಿಗರು ಹೈದರಾಬಾದಿನಲ್ಲಿ ವಿಮಾನವೇರಿ, ಎರಡೇ ದಿನಗಳಲ್ಲಿ ಸುಮಾರು 3,500 ಮೀಟರ್ ಎತ್ತರದ ಲೇಹ್ ತಲುಪಬಲ್ಲರು. ಪಯಣದ ಅವಧಿ ಹೀಗೆ ಕುಗ್ಗಿದರೂ ದೇಹವು ಎತ್ತರಕ್ಕೆ ಒಗ್ಗಲು ಬೇಕಾದ ಅವಧಿ ಕುಗ್ಗಿಲ್ಲವೆಂಬುದೇ ಪರ್ವತಾರೋಹಣದ ಬಹುಪಾಲು ಅನಾರೋಗ್ಯಕ್ಕೆ ಮೂಲ.

ಎತ್ತರದ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಶೇ. 21ರಷ್ಟೇ ಇರುತ್ತದೆಯಾದರೂ, 5,500 ಮೀಟರಿನ ಸುಮಾರಿಗೆ ವಾಯುಭಾರವು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅರ್ಧವಾಗುತ್ತದೆ. ದೇಹವು ಕೂಡಲೇ ಉಸಿರಾಟದ ವೇಗವನ್ನು ಹೆಚ್ಚಿಸುತ್ತದೆ. ಇದರಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತವು ಕ್ಷಾರೀಯವಾದಾಗ, ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ಬೈಕಾರ್ಬನೇಟನ್ನು ಹೊರಹಾಕಿ ಸಮತೋಲವನ್ನು ಸರಿಪಡಿಸುತ್ತವೆ. ಕೆಂಪು ರಕ್ತಕಣಗಳ ಸಂಖ್ಯೆ ಹೆಚ್ಚಲು ವಾರಗಳೇ ಬೇಕು. ಈ ಕ್ರಮಕ್ಕೆ ಅವಕಾಶವಿಲ್ಲದೆ ಮೇಲೇರಿದವರಲ್ಲಿ ತಲೆನೋವು, ವಾಕರಿಕೆ, ನಿದ್ರಾಹೀನತೆಗಳ ಪರ್ವತವ್ಯಾಧಿ ಕಾಣಿಸಿಕೊಳ್ಳುತ್ತದೆ. ಅದು ಉಲ್ಬಣಿಸಿದರೆ ಮಿದುಳು ಬಾತು ನಡಿಗೆ ತಪ್ಪುತ್ತದೆ; ಇನ್ನು ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳು ಅಸಮವಾಗಿ ಬಿಗಿದು, ಒತ್ತಡ ಏರಿದೆಡೆ ದ್ರವ ಸೋರಿ ಉಸಿರು ಕಟ್ಟುತ್ತದೆ. ಇಂದರ್ ಸಿಂಗ್ ಮತ್ತು ಸಹವೈದ್ಯರು 1,925 ಭಾರತೀಯ ಸೈನಿಕರನ್ನು ಪರಿಶೀಲಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರವನ್ನು ತಲುಪಿದ 6ರಿಂದ 96 ಗಂಟೆಗಳ ನಂತರ ಲಕ್ಷಣಗಳು ತೋರಿದ್ದವು. ತಲುಪಿದ ದಿನದ ಲವಲವಿಕೆಯು ಆದುದರಿಂದ ಕ್ಷೇಮದ ಪುರಾವೆಯಲ್ಲ.

ಚಳಿಯು ಆಮ್ಲಜನಕದ ಕೊರತೆಯ ಸಂಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೃದಯ ಮತ್ತು ಮಿದುಳನ್ನು ಬೆಚ್ಚಗಿಡಲು ದೇಹವು ಕೈಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸುವುದರಿಂದ ಬೆರಳುಗಳು ಹೆಪ್ಪುಗಟ್ಟಿ ಹಿಮಕಡಿತ ಉಂಟಾಗುತ್ತದೆ. ಒಳದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಶೀತಾಘಾತ, ಇನ್ನೂ ಇಳಿದಂತೆ ನಡುಕವೇ ನಿಂತು ಪ್ರಜ್ಞೆ ಮಸುಕಾಗುತ್ತದೆ.

ಹಿಮದ ಎತ್ತರದ ಈ ಅಪಾಯವನ್ನು ಕನ್ನಡ ನಾಡು ದುಃಖದಿಂದ ಅರಿತದ್ದು 2016ರಲ್ಲಿ. ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದಾಗ ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರೇ ಆರನೆಯ ದಿನ ಜೀವಂತವಾಗಿ ದೊರೆತರು. ಅವರಲ್ಲಿ ಹಿಮಕಡಿತವಿರಲಿಲ್ಲ, ಆದರೆ ದೇಹ ಮರಳಿ ಬೆಚ್ಚಗಾಗಿ, ರಕ್ತವು ಹರಿವು ನಿಂತಿದ್ದ ಭಾಗಗಳಿಗೆ ಮರಳುವಾಗಿನ ತೊಡಕುಗಳ ಬಗ್ಗೆ ವೈದ್ಯರು ಆಗಲೇ ಎಚ್ಚರಿಸಿದ್ದರು. ನ್ಯುಮೋನಿಯಾದೊಂದಿಗೆ ಯಕೃತ್ತು, ಮೂತ್ರಪಿಂಡಗಳೂ ಸೋತು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಹಿಮಕುಸಿತವನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲದಿದ್ದರೂ ಏರುವ ವೇಗ ಅವನ ಕೈಯಲ್ಲಿದೆ. 3,000 ಮೀಟರಿನ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದೆ, ಮೂರು-ನಾಲ್ಕು ದಿನಗಳಿಗೊಮ್ಮೆ ಏರದೆ ಒಂದು ದಿನ ವಿಶ್ರಮಿಸುವುದು, ಲಕ್ಷಣ ಉಲ್ಬಣಿಸಿದೊಡನೆ ಕೆಳಗಿಳಿಯುವುದು ಬಯಲುಸೀಮೆಯ ದೇಹಕ್ಕೆ ಸಲ್ಲಬೇಕಾದ ಕನಿಷ್ಠ ನ್ಯಾಯವಾಗಿದೆ.