ಲಿಂಬೆಯ ಎರಡು ಕಥೆಗಳು



ವಿಜಯಪುರ ಜಿಲ್ಲೆ ಎಂದೊಡನೆ ಗೋಲಗುಮ್ಮಟದ ಜೊತೆಗೆ ನೆನಪಾಗುವುದು ಇಂಡಿಯ ಲಿಂಬೆ. ಈ ಪುಟ್ಟ ಹಣ್ಣಿಗೆ ವೈದ್ಯಕೀಯ ಇತಿಹಾಸದಲ್ಲಿ ಎರಡು ಕಥೆಗಳಿವೆ. ಅವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊಬೈಲಿನಲ್ಲಿ ಬರುವ ಆರೋಗ್ಯ ಸಲಹೆಗಳನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಮೊದಲ ಕಥೆ 1747ರದು. ಬ್ರಿಟಿಷ್ ನೌಕಾಪಡೆಯ ‘ಸಾಲಿಸ್‌ಬರಿ’ ಹಡಗಿನಲ್ಲಿ ನಾವಿಕರು ಸ್ಕರ್ವಿ ರೋಗದಿಂದ ನರಳುತ್ತಿದ್ದರು. ಒಸಡುಗಳಲ್ಲಿ ರಕ್ತ, ಮಾಯದ ಗಾಯ, ಕಡೆಗೆ ಸಾವು. ಇದಕ್ಕೆ ಮದ್ದು ಹೇಳುವವರು ಆಗಲೂ ಹೇರಳವಾಗಿದ್ದರು. ಹಡಗಿನ ವೈದ್ಯ ಜೇಮ್ಸ್ ಲಿಂಡ್ ಯಾರ ಮಾತನ್ನೂ ಹಾಗೆಯೇ ಒಪ್ಪಲಿಲ್ಲ. 12 ರೋಗಿಗಳನ್ನು ಆರು ಜೋಡಿಗಳಾಗಿ ವಿಂಗಡಿಸಿ, ಎಲ್ಲರಿಗೂ ಒಂದೇ ಬಗೆಯ ಊಟ ಕೊಟ್ಟು, ಒಂದೊಂದು ಜೋಡಿಗೆ ಒಂದೊಂದು ಮದ್ದನ್ನು ಕೊಟ್ಟು ನೋಡಿದರು. ಒಂದು ಜೋಡಿಗೆ ವಿನೆಗರ್, ಇನ್ನೊಂದು ಜೋಡಿಗೆ ಸಮುದ್ರದ ನೀರು, ಹೀಗೆ. ಕಿತ್ತಳೆ ಮತ್ತು ಲಿಂಬೆ ತಿಂದ ಇಬ್ಬರು ಆರೇ ದಿನಗಳಲ್ಲಿ ಚೇತರಿಸಿಕೊಂಡರು. ಉಳಿದವರಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಆದರೂ ನೌಕಾಪಡೆ ತನ್ನ ನಾವಿಕರಿಗೆ ಲಿಂಬೆರಸ ಕೊಡಲು ನಿರ್ಧರಿಸಿದ್ದು 1795ರಲ್ಲಿ. ಸತ್ಯವು ಕಾರ್ಯರೂಪಕ್ಕೆ ಬರಲು 48 ವರ್ಷ ಹಿಡಿಯಿತು!

ಎರಡನೆಯ ಕಥೆ ನಮ್ಮ ನಾಡಿನದೇ. 2021ರ ಏಪ್ರಿಲ್, ಕೋವಿಡ್ ಎರಡನೆಯ ಅಲೆಯ ದಿನಗಳು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ. ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕದ ಮಟ್ಟ ಏರುತ್ತದೆ ಎಂದು ಮಾಜಿ ಸಂಸದರೊಬ್ಬರು ಹೇಳಿದರು. ಆ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ರಾಯಚೂರು ಜಿಲ್ಲೆಯ ಶಿಕ್ಷಕರೊಬ್ಬರು ಹಾಗೆ ಮಾಡಿ ಅಸ್ವಸ್ಥರಾಗಿ ತೀರಿಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಲಿಂಬೆರಸದಿಂದ ಕೊರೊನಾ ನಾಶವಾಗುತ್ತದೆಂಬ ವಿಡಿಯೋ ಸುಳ್ಳೆಂದು ಕೇಂದ್ರ ಸರ್ಕಾರದ ಪಿ.ಐ.ಬಿ. ಸ್ಪಷ್ಟಪಡಿಸಬೇಕಾಯಿತು.

ಹಣ್ಣು ಅದೇ. ವ್ಯತ್ಯಾಸವೆಲ್ಲಿದೆ? ಲಿಂಡ್ ಅವರು ಹೋಲಿಸಿ ನೋಡಿದರು. ಇಲ್ಲಿ ಯಾರೂ ಹೋಲಿಸಲಿಲ್ಲ, ಹಂಚಿದರು ಅಷ್ಟೇ. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನೀವೊಮ್ಮೆ ಕೂಗಿದರೆ ಅದು ಏಳೆಂಟು ಬಾರಿ ಮರುದನಿಸುತ್ತದೆ. ಹಾಗೆಂದು ಏಳೆಂಟು ಮಂದಿ ಕೂಗಿದರೆಂದು ಅರ್ಥವೇ? ದೂರದರ್ಶನದ ಕಾರ್ಯಕ್ರಮ ಸಿದ್ಧಪಡಿಸುವಾಗ ಒಂದು ಸಂಗತಿಯನ್ನು ಇಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತೇವೆ. ಆ ಇಬ್ಬರೂ ಮೂರನೆಯವನೊಬ್ಬನಿಂದಲೇ ಕೇಳಿದ್ದರೆ, ನಮಗೆ ಸಿಕ್ಕಿದ್ದು ಒಂದೇ ಸಾಕ್ಷಿ.

ಇದರಿಂದ ಅಂತರಜಾಲವೇ ಕೆಟ್ಟದ್ದೆಂದು ಭಾವಿಸಬೇಡಿ. ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ‘ಪಬ್‌ಮೆಡ್’ ಎಂಬ ಸಂಶೋಧನಾ ಸೂಚಿಯನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆಯಿತು. ಹಿಂದೆ ದೊಡ್ಡ ಗ್ರಂಥಾಲಯಗಳಲ್ಲಷ್ಟೇ ಸಿಗುತ್ತಿದ್ದ ಜ್ಞಾನದ ಬಾಗಿಲು ಇಂದು ತಿಕೋಟಾದ ದ್ರಾಕ್ಷಿ ತೋಟದಲ್ಲಿ ನಿಂತವರಿಗೂ ತೆರೆದಿದೆ. ಆದರೆ ಅದೇ ಬಾಗಿಲಿನಿಂದ ಗಾಳಿಮಾತೂ ಒಳಬರುತ್ತದೆ.

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರು. ಮೊಬೈಲು ಅಂಗೈಯಲ್ಲೇ ಇದೆ. ಆದ್ದರಿಂದ ಮನೆಯಲ್ಲಿ ಅಜ್ಜಿಯ ಸಕ್ಕರೆ ಕಾಯಿಲೆಗೆ ಏನು ಮಾಡಬೇಕೆಂದು ಹಿರಿಯರು ಓದಿಸುವುದು ನಿಮ್ಮಿಂದಲೇ. ಆಗ ಮೂರು ಪ್ರಶ್ನೆ ಕೇಳಿ. ಹೇಳಿದವರು ಯಾರು, ಅವರಿಗೆ ಮಾರುವ ವಸ್ತುವೇನಾದರೂ ಇದೆಯೇ? ಯಾವ ವರ್ಷದ ಮಾತು? ಮದ್ದು ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡಿದ್ದಾರೆಯೇ? ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಸಿಕ್ಕರೂ ಅಜ್ಜಿಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಿಸಬೇಡಿ. ಓದಿದ್ದನ್ನೂ ಮೂಡಿದ ಸಂದೇಹಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಮುಂದಿಡಿ. ಅಜ್ಜಿಯ ವಯಸ್ಸು, ರಕ್ತಪರೀಕ್ಷೆ, ಇತರ ಕಾಯಿಲೆಗಳು ಅವರಿಗೆ ತಿಳಿದಿರುತ್ತವೆ, ಪರದೆಗೆ ತಿಳಿದಿರುವುದಿಲ್ಲ.

ಹಾವು ಕಚ್ಚಿದಾಗ, ಎದೆನೋವು ಬಂದಾಗ, ಉಸಿರು ಕಟ್ಟಿದಾಗ ಮಾತ್ರ ಏನನ್ನೂ ಹುಡುಕುತ್ತ ಕೂರಬೇಡಿ. ಅದೇ ಮೊಬೈಲಿನಲ್ಲಿ 108ಕ್ಕೆ ಕರೆ ಮಾಡಿ.